ಹುಬ್ಬಳ್ಳಿಯಿಂದ ಗದಗಿಗೆ, ಚೀಟಿಗೊಂದು ಕವಿತೆ

ಕಳೆದ ಏಪ್ರಿಲ್ ತಿಂಗಳಿನಲ್ಲಿ ದಿನಕ್ಕೊಂದು ಕವಿತೆ ಬರೆಯುತ್ತೇನೆಂದು ನಾನು ಮನೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ, ನಂಬದೇ ಇರುವುದಕ್ಕೆ ಕಾರಣವೂ ಇತ್ತು. ನನ್ನ ಹೆಸರಿನಲ್ಲಿ ಒಂದು ಕವನ ಸಂಕಲನವಿದೆ. ಅದು ಬಂದ ಮೇಲಿನ ಏಳು ವರ್ಷಗಳಲ್ಲಿ ನಾನು ಬರೆದದ್ದು ಒಂಬತ್ತೋ ಹತ್ತೋ ಕವಿತೆಗಳು, ಅವೂ ಕವಿಗೋಷ್ಠಿಗೆ ಕರೆ ಬಂದಾಗ ಹಿಂದಿನ ರಾತ್ರಿ ಕುಳಿತು ಹೊಸೆದವು. ಕನ್ನಡ ಪಾಠ ಹೇಳುವುದೇ ನನ್ನ ಉದ್ಯೋಗ. ಬೇರೆಯವರ ಕವಿತೆಗಳನ್ನು ವರ್ಷವಿಡೀ ಬಿಡಿಸಿ ಬಿಡಿಸಿ ಹೇಳುವವರಿಗೆ ತಮ್ಮದನ್ನು ಕಟ್ಟುವ ಕೈ ಮರಗಟ್ಟುತ್ತದೆ ಎಂದು ನಾನು ಆವರೆಗೆ ನೆಪ ಹೇಳಿಕೊಂಡು ಬಂದಿದ್ದೆ.

ಏಪ್ರಿಲ್ ತಿಂಗಳನ್ನೇ ಆರಿಸಿಕೊಂಡದ್ದು ನನ್ನ ಬುದ್ಧಿಯಲ್ಲ. ಅಮೆರಿಕದಲ್ಲಿ 1996ರಿಂದ ಏಪ್ರಿಲ್ ತಿಂಗಳನ್ನು ಕಾವ್ಯಮಾಸವೆಂದು ಆಚರಿಸುತ್ತಾರೆ. ಅಲ್ಲಿನ ಕವಿ ಮೌರೀನ್ ಥಾರ್ಸನ್ 2003ರಲ್ಲಿ ಆ ತಿಂಗಳ ಮೂವತ್ತು ದಿನವೂ ಒಂದೊಂದು ಕವಿತೆ ಬರೆಯುವ ಹಟ ತೊಟ್ಟರು. ಒಂದೇ ತಿಂಗಳಿಗೆ ಕಾದಂಬರಿ ಬರೆದು ಮುಗಿಸುವ ಇನ್ನೊಂದು ಸವಾಲು ಅದಕ್ಕೂ ಮೊದಲೇ, 1999ರಲ್ಲಿ, ಆರಂಭವಾಗಿತ್ತು, ಅದರ ಮಾದರಿಯನ್ನೇ ಇವರು ಕಾವ್ಯಕ್ಕೆ ಹೊಂದಿಸಿಕೊಂಡರು. ಈಗ ಜಗತ್ತಿನ ಎಷ್ಟೋ ಕಡೆ ಜನ ಇದನ್ನು ಮಾಡುತ್ತಾರೆ. ದಿನವೂ ಒಂದು ‘ಪ್ರಾಂಪ್ಟ್’ ಸಿಗುತ್ತದೆ: ಇಂಥ ವಸ್ತುವಿನ ಮೇಲೆ ಬರೆಯಿರಿ, ಇಂಥ ಬಂಧದಲ್ಲಿ ಬರೆಯಿರಿ, ಒಂದು ಚಿತ್ರವನ್ನು ನೋಡಿ ಬರೆಯಿರಿ, ಅಚ್ಚಾದ ಪುಟದಲ್ಲಿ ಬೇಡದ ಶಬ್ದಗಳನ್ನೆಲ್ಲ ಅಳಿಸಿ ಉಳಿದವುಗಳಿಂದ ಕವಿತೆ ತೆಗೆಯಿರಿ, ಹೀಗೆ. ಬೇಕಾದರೆ ಅದನ್ನು ಹಿಡಿಯಬಹುದು, ಬೇಡವಾದರೆ ಬಿಡಬಹುದು.

ನಾನು ಹಿಡಿಯಲು ನೋಡಿದೆ, ಹಿಡಿತಕ್ಕೆ ಸಿಗಲಿಲ್ಲ. ಅವರ ಏಪ್ರಿಲ್ ಎಂದರೆ ಹಿಮ ಕರಗಿ ಹೂವು ಕಣ್ಣು ಬಿಡುವ ಕಾಲ. ನಮ್ಮ ಏಪ್ರಿಲ್ಲಿನಲ್ಲಿ ಕಡಲೆ ಕಿತ್ತು, ಹತ್ತಿ ಬಿಡಿಸಿ ಬರಿದಾದ ಎರೆಹೊಲ ಅಂಗೈ ಅಗಲದ ಬಿರುಕು ಬಿಟ್ಟುಕೊಂಡು ಬಿದ್ದಿರುತ್ತದೆ, ಬೆಳಿಗ್ಗೆ ಒಂಬತ್ತಕ್ಕೆಲ್ಲ ರೈಲಿನ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತದೆ. ಹೀಗಾಗಿ ಮಾರ್ಚ್ ಕೊನೆಯ ಭಾನುವಾರ ಮನೆಯವರ ಮುಂದೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ಹಾಕಿ, ತಲೆಗೆ ಹದಿನೈದರಂತೆ ಚೀಟಿ ಬರೆದುಕೊಡಿರೆಂದು ಕೇಳಿದೆ. ಬರೆದವರು ಮೂವರು: ನನ್ನ ಅತ್ತೆ, ಯಜಮಾನರು, ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದ ಮಗಳು. ಒಟ್ಟು ನಲವತ್ತೈದು ಚೀಟಿಗಳು ಅತ್ತೆಯವರ ಹಳೆಯ ಹಿತ್ತಾಳೆಯ ಡಬ್ಬಿಗೆ ಬಿದ್ದವು. ‘ಪ್ರಾಂಪ್ಟ್’ ಎಂಬ ಶಬ್ದ ಅತ್ತೆಯವರ ಬಾಯಲ್ಲಿ ಹೊರಳಲಿಲ್ಲವಾದ್ದರಿಂದ ಅಂದಿನಿಂದ ಅದಕ್ಕೆ ನಮ್ಮಲ್ಲಿ ‘ಚೀಟಿ’ ಎಂದೇ ಹೆಸರು.

ಬೆಳಿಗ್ಗೆ ಕೆಲಸಕ್ಕೆಂದು ಮನೆ ಬಿಡುವಾಗ ಒಂದು ಚೀಟಿ ಎತ್ತಬೇಕು, ಹುಬ್ಬಳ್ಳಿಯಲ್ಲಿ ರೈಲು ಹೊರಟ ಮೇಲೆ ಬಿಚ್ಚಬೇಕು, ಗದಗು ಬರುವುದರೊಳಗೆ ಕವಿತೆಯ ಒಂದು ಕರಡಾದರೂ ಕಾಗದದ ಮೇಲಿರಬೇಕು. ಇಷ್ಟೇ ನಿಯಮ. ಎರಡೂ ಊರುಗಳ ನಡುವೆ ಸುಮಾರು 58 ಕಿಲೋಮೀಟರ್ ದಾರಿ, ರೈಲಿಗೆ ಒಂದು ಗಂಟೆ ಸುಮಾರು ಬೇಕು. ನಮ್ಮ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದನೆಯದೆಂದು 2023ರಿಂದ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ದಿನವೂ ನಡೆಯಬೇಕಾದವರ ಕಾಲುಗಳಿಗೆ ಆ ಹೆಮ್ಮೆ ಅಷ್ಟಾಗಿ ತಾಗುವುದಿಲ್ಲ. ಹೆಬಸೂರು, ಅಣ್ಣಿಗೇರಿ, ಹುಲಕೋಟಿ ಎಂದು ಊರುಗಳು ಹಿಂದೆ ಸರಿಯುತ್ತವೆ. ಅಣ್ಣಿಗೇರಿ ಎಂದರೆ ಆದಿಕವಿ ಪಂಪನ ಊರೆಂದು ನಾವು ಹೇಳಿಕೊಳ್ಳುವ ನೆಲ. ಕುಮಾರವ್ಯಾಸನ ಹುಟ್ಟೂರೆನ್ನುವ ಕೋಳಿವಾಡವಿರುವುದು ನಮ್ಮ ಹುಬ್ಬಳ್ಳಿ ತಾಲ್ಲೂಕಿನಲ್ಲಿಯೇ. ಇಂಥ ದಾರಿಯಲ್ಲಿ ಕುಳಿತು ಕ್ಯಾಲೆಂಡರಿನ ಚೂರನ್ನು ಬಿಚ್ಚುವಾಗ ಮೊದಮೊದಲು ನನಗೆ ಸಂಕೋಚವಾಗುತ್ತಿತ್ತು.

ಆ ಸಂಕೋಚ ಕಳೆದದ್ದು ಕುಮಾರವ್ಯಾಸನಿಂದಲೇ. ಗದಗಿನ ವೀರನಾರಾಯಣ ದೇವಸ್ಥಾನದಲ್ಲಿ ಇಂದಿಗೂ ತೋರಿಸುವ ಒಂದು ಕಂಬವಿದೆ. ಕವಿ ಮಿಂದು, ಒದ್ದೆಬಟ್ಟೆಯಲ್ಲಿಯೇ ಬಂದು ಆ ಕಂಬಕ್ಕೆ ಒರಗಿ ಕುಳಿತು ಕಾವ್ಯ ಹೇಳುತ್ತಿದ್ದನೆಂದೂ, ಬಟ್ಟೆ ಆರಿದೊಡನೆ ಅಂದಿನ ಕಾವ್ಯ ನಿಲ್ಲುತ್ತಿತ್ತೆಂದೂ ಐತಿಹ್ಯ. ಪಾಠ ಹೇಳುವಾಗ ನಾನು ಈ ಕಥೆಯನ್ನು ಭಕ್ತಿಯ ಕಥೆಯೆಂದೇ ನೂರು ಸಲ ಹೇಳಿರಬಹುದು. ಹುಲಕೋಟಿ ದಾಟಿದ ಮೇಲೂ ಕೊನೆಯ ಸಾಲು ಸಿಗದೆ ಪೆನ್ನಿನ ತುದಿ ಕಚ್ಚುತ್ತಾ ಕುಳಿತ ಒಂದು ಬೆಳಿಗ್ಗೆ ಅದು ಕಸುಬಿನ ಕಥೆಯೂ ಹೌದೆಂದು ಹೊಳೆಯಿತು. ಒದ್ದೆಬಟ್ಟೆ ಎಂದರೆ ಮೈಗೆ ಅಂಟಿಕೊಂಡ ಗಡಿಯಾರ. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದು ತನ್ನ ಅಗ್ಗಳಿಕೆ ಎಂದು ಆತ ಕಾವ್ಯದ ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ಅಳಿಸುತ್ತಾ ಕುಳಿತರೆ ಬಟ್ಟೆ ಆರಿಹೋದೀತು ಎಂಬ ಅವಸರವೂ ಅದರಲ್ಲಿ ಇದ್ದಿರಬಹುದೇ ಎಂದು ನನ್ನಂಥ ಅಳಿಸುವವಳು ಊಹಿಸಿದರೆ ಗದುಗಿನವರು ಕ್ಷಮಿಸಬೇಕು.

ಮೊದಲ ಒಂಬತ್ತು ದಿನ ಒಂದೂ ತಪ್ಪದೆ ಬರೆದೆ. ಆ ತಿಂಗಳಿಡೀ ಡಬ್ಬಿಯಿಂದ ಬಂದ ಮಗಳ ಚೀಟಿಗಳಲ್ಲಿ ‘ಬ್ಯಾಟರಿ 3%’, ‘ಕ್ಯೂಆರ್ ಕೋಡ್’, ‘ಲಾಸ್ಟ್ ಸೀನ್’ ಎಂದಿದ್ದವು. ಯಜಮಾನರದು ವಿದ್ಯುತ್ ಕೆಲಸವಾದ್ದರಿಂದ ‘ತ್ರೀ ಫೇಸ್’, ‘ಅರ್ಥಿಂಗ್’. ಅತ್ತೆಯವರದು ‘ಕೌದಿ’, ‘ಒಳ್ಳು’, ‘ಹಗೇವು’, ‘ಉಡಿ ತುಂಬೂದು’. ಚೀಟಿಗಳು ಇಷ್ಟು ಬೇರೆಬೇರೆಯಾಗಿದ್ದರೂ ನಾನು ಬರೆದ ಒಂಬತ್ತೂ ಕವಿತೆಗಳು ಒಂದೇ ಕವಿತೆಯಾಗಿದ್ದವು. ಇದನ್ನು ಕಂಡುಹಿಡಿದದ್ದು ನಾನಲ್ಲ. ಹತ್ತನೆಯ ದಿನ ಸಂಜೆ ಅತ್ತೆಯವರು ನೋಟುಪುಸ್ತಕ ತಿರುವಿಹಾಕಿ, ಕನ್ನಡಕ ಹಣೆಗೇರಿಸಿ, “ಏನವಾ, ಎಲ್ಲಾದ್ರಾಗೂ ಮೌನ ಮೌನ ಅಂತ ಬರ್ದಿಯಲ್ಲ, ಮನ್ಯಾಗ ನಿಂದs ದನಿ ಜಾಸ್ತಿ” ಎಂದರು. ಎಣಿಸಿ ನೋಡಿದೆ: ಒಂಬತ್ತು ಕವಿತೆಗಳಲ್ಲಿ ‘ಮೌನ’ ಹನ್ನೊಂದು ಸಲ, ‘ನೆನಪು’ ಎಂಟು ಸಲ ಬಂದಿದ್ದವು, ಬೆಳದಿಂಗಳು ಕ್ಯೂಆರ್ ಕೋಡಿನ ಮೇಲೂ ಬಿದ್ದಿತ್ತು! ಯಾವ ಚೀಟಿ ಬಂದರೂ ನಾನು ಮೂರು ಸಾಲಿನಲ್ಲಿ ಅದರಿಂದ ತಪ್ಪಿಸಿಕೊಂಡು ನನ್ನ ಹಳೆಯ ಮನೆಗೆ ಓಡಿಬರುತ್ತಿದ್ದೆ.

ಪ್ರಾಂಪ್ಟ್ ಎಂದರೆ ವಿಷಯವಿಲ್ಲದವರಿಗೆ ವಿಷಯ ಕೊಡುವ ಉಪಾಯವೆಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. ವಿಷಯಕ್ಕೆ ಯಾರಿಗೆ ಬರ? ಅದು ಮಾಡಬೇಕಾದ ಕೆಲಸವೇ ಬೇರೆ: ಕೈಗೆ ರೂಢಿಯಾದ ದಾರಿಗೆ ಅಡ್ಡ ಕಲ್ಲಿಡುವುದು. ಇದನ್ನು ಅಮೆರಿಕದಿಂದ ಕಲಿಯಬೇಕಾಗಿಯೂ ಇರಲಿಲ್ಲ, ಏಕೆಂದರೆ ನಮ್ಮ ಅವಧಾನ ಕಲೆಯಲ್ಲಿ, ಅಂದರೆ ಸಭೆಯೆದುರು ಆಶುವಾಗಿ ಪದ್ಯ ಕಟ್ಟುವ ಕಲೆಯಲ್ಲಿ, ಸವಾಲೊಡ್ಡುವ ಪೃಚ್ಛಕರು ಮಾಡುವುದೆಲ್ಲ ಇದೇ. ಸಮಸ್ಯಾಪೂರಣದಲ್ಲಿ ಅವಧಾನಿಗೆ ಕೊಡುವ ಸಾಲು ಸಾಮಾನ್ಯವಾಗಿ ಅಸಂಬದ್ಧವಾಗಿಯೋ ಅನುಚಿತವಾಗಿಯೋ ಕಾಣುತ್ತದೆ, ಉಳಿದ ಮೂರು ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ಬರಿಸುವುದು ಅವಧಾನಿಯ ಹೊಣೆ. ಬರೀ ‘ಠ’ಕಾರಗಳ ಒಂದು ಸಾಲನ್ನು ಭೋಜರಾಜ ಸಮಸ್ಯೆಯಾಗಿ ಒಡ್ಡಿದನೆಂದೂ, ಅಭಿಷೇಕದ ನೀರು ತರುತ್ತಿದ್ದ ಯುವತಿಯ ಕೈಯಿಂದ ಜಾರಿದ ಚಿನ್ನದ ಕೊಡ ಮೆಟ್ಟಿಲು ಮೆಟ್ಟಿಲಾಗಿ ಉರುಳಿದ ಸದ್ದು ಅದೆಂದು ಕಾಳಿದಾಸ ಅದನ್ನು ಪೂರೈಸಿದನೆಂದೂ ಕಥೆಯುಂಟು. ದತ್ತಪದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೊಟ್ಟು ಸಾಲಿಗೊಂದರಂತೆ ಬಳಸಬೇಕೆನ್ನುತ್ತಾರೆ. ಎಲ್ಲಕ್ಕಿಂತ ಕ್ರೂರವಾದದ್ದು ನಿಷೇಧಾಕ್ಷರಿ: ಅವಧಾನಿ ಒಂದು ಅಕ್ಷರ ಹೇಳಿದೊಡನೆ, ಮುಂದೆ ಬರಬಹುದಾದ ಅಕ್ಷರವನ್ನು ಪೃಚ್ಛಕರು ಊಹಿಸಿ ಬೇಡವೆನ್ನುತ್ತಾರೆ. ಸಹಜವಾಗಿ ಬರುವ ಶಬ್ದದ ಬಾಗಿಲು ಪ್ರತಿಯೊಂದು ಹೆಜ್ಜೆಗೂ ಮುಚ್ಚಿಕೊಳ್ಳುತ್ತದೆ.

ನಮ್ಮ ಮನೆಯ ನಿಷೇಧ ಅಷ್ಟು ಶಾಸ್ತ್ರೀಯವಾಗಿರಲಿಲ್ಲ. ಹನ್ನೊಂದನೆಯ ದಿನದಿಂದ ಪ್ರತಿ ಚೀಟಿಯ ಹಿಂಬದಿಯಲ್ಲಿ ಮಗಳು ಮೂರು ಶಬ್ದ ಬರೆದು, ಅವುಗಳ ಮೇಲೆ ಕೆಂಪು ಗೆರೆ ಎಳೆದು ಕೊಡುತ್ತಿದ್ದಳು. “ಮಮ್ಮಿ, ಇವತ್ತು ಮೌನ, ಮಳಿ, ಕಿಟಕಿ ಬ್ಯಾಡ” ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಅವಳ ದನಿಯಲ್ಲಿ ನನ್ನ ಪರೀಕ್ಷಾ ಕೊಠಡಿಯ ದನಿಯೇ ಕೇಳುತ್ತಿತ್ತು. ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಿಟಕಿ ಎನ್ನದೆ ಬರೆಯುವ ಕಷ್ಟ ಬರೆದವರಿಗೇ ಗೊತ್ತು. ಆ ದಿನ ನಾನು ಹೊರಗೆ ನೋಡುವುದನ್ನು ಬಿಟ್ಟು ಬೋಗಿಯೊಳಗೆ ನೋಡಿದೆ: ಮಡಿಲಲ್ಲಿ ಕಾಗದ ಹರವಿ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಶಿಕ್ಷಕಿಯೊಬ್ಬರು, ನಿಂತಲ್ಲಿಯೇ ತೂಕಡಿಸುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿ, ಚುರುಮುರಿಯ ಬುಟ್ಟಿ ಹೊತ್ತು ಸಂದಿಯಲ್ಲಿ ನುಸುಳುವ ಹುಡುಗ. ಕವಿತೆ ದೊಡ್ಡದೇನೂ ಆಗಲಿಲ್ಲ, ಆದರೆ ಅದರಲ್ಲಿ ನಾನಲ್ಲದ ಜನ ಮೊದಲ ಸಲ ಇದ್ದರು.

ನಿಷೇಧವನ್ನು ಮನೆಯವರೇ ಹೇರಬೇಕೆಂದಿಲ್ಲ, ಛಂದಸ್ಸೂ ಹೇರುತ್ತದೆ. ಹದಿನಾಲ್ಕನೆಯ ದಿನ ‘ರೈಲು’ ಎಂಬ ಚೀಟಿ ಬಂದಾಗ ಗಾಲಿಯ ಸದ್ದಿಗೆ ಹೊಂದುವಂತೆ ಭಾಮಿನಿ ಷಟ್ಪದಿಯಲ್ಲಿ ಬರೆಯಬೇಕೆನ್ನಿಸಿತು. ಪಾಠದಲ್ಲಿ ಲಕ್ಷಣ ಹೇಳುವುದು ಸುಲಭ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆ. ಮೇಲೆ ಆದಿಪ್ರಾಸ, ಅಂದರೆ ಎಲ್ಲ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅಣ್ಣಿಗೇರಿ ಬರುವ ಹೊತ್ತಿಗೆ ಅರ್ಧ ಪದ್ಯವಾಗಿತ್ತು:

ಮಳೆಯು ಬಾರದ ಮುಗಿಲ ಕೆಳಗಡೆ
ಬೆಳೆಯ ಕೊಯ್ದಿಹ ಎರೆಯ ಬಿರುಕಲಿ
ಇಳೆಯ ದಾಹವ ಕೇಳಿ ಹೋಯಿತು ರೈಲು ಕೂಗುತಲೇ

ಉಳಿದರ್ಧ ಇಂದಿಗೂ ಆಗಿಲ್ಲ. ಇದು ಒಳ್ಳೆಯ ಪದ್ಯವೆಂದು ಇಲ್ಲಿ ಕೊಡುತ್ತಿಲ್ಲ. ‘ಕೊಯ್ದ’ ಎಂದರೆ ಸಾಕಿತ್ತು, ಮೂರು ಮಾತ್ರೆಯ ಅದು ನಾಲ್ಕಾಗಲೆಂದು ‘ಕೊಯ್ದಿಹ’ ಎಂದು ಹಿಗ್ಗಿಸಿದ್ದೇನೆ, ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕೆಳಗೆ ಗೆರೆ ಎಳೆಯುತ್ತಿದ್ದೆ. ‘ಇಳೆಯ ದಾಹ’ವಂತೂ ಸವೆದು ನಯವಾದ ಮಾತು. ಆದರೂ ಕಟ್ಟುವಾಗ ಆದದ್ದು ನನಗೆ ಮುಖ್ಯ. ‘ಮಳೆ’ ಎಂದು ಒಮ್ಮೆ ಆರಂಭಿಸಿದ ಮೇಲೆ ‘ಎರೆ’ ಎಂದು ಸಾಲನ್ನು ಆರಂಭಿಸುವ ಸ್ವಾತಂತ್ರ್ಯ ಹೋಯಿತು, ಕಣ್ಣೆದುರು ಇದ್ದದ್ದು ಎರೆಹೊಲವೇ ಆದರೂ. ‘ಳ’ಕಾರವನ್ನು ಹುಡುಕುತ್ತಾ ಬೆಳೆ, ಇಳೆ, ಎಳೆ, ಹೊಳೆ, ತಳ, ಕಳೆ ಎಂದು ನಾನು ವರ್ಷಗಳಿಂದ ಮುಟ್ಟದ ಶಬ್ದಗಳ ಗಂಟು ಬಿಚ್ಚಬೇಕಾಯಿತು. ಪ್ರಾಸವನ್ನು ಅಲಂಕಾರವೆಂದು ಬಿಟ್ಟುಕೊಟ್ಟ ತಲೆಮಾರಿನವಳು ನಾನು. ಅದು ಸಾಲಿಗೊಂದು ಚೀಟಿ ಎಂಬುದು ತಿಳಿದದ್ದು ಈ ಏಪ್ರಿಲ್ಲಿನಲ್ಲಿ.

ಹತ್ತೊಂಬತ್ತನೆಯ ದಿನ ‘ಹಗೇವು’ ಬಂದಿತು. ಚೀಟಿ ಬಿಚ್ಚಿ ನೋಡಿದರೆ ನನಗೆ ಏನೂ ಗೊತ್ತಿಲ್ಲ. ನೆಲದೊಳಗೆ ಕಾಳು ತುಂಬಿಡುವ ಕುಣಿ ಎಂಬಷ್ಟು ಪುಸ್ತಕದ ತಿಳಿವಳಿಕೆ ಇತ್ತು, ಅಷ್ಟರಿಂದ ಕವಿತೆಯಾಗುವುದಿಲ್ಲ. ನಿಯಮ ಮುರಿದು ರೈಲಿನಿಂದಲೇ ಅತ್ತೆಯವರಿಗೆ ಫೋನು ಮಾಡಿದೆ. ಅವರ ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮುಂದಿನ ಅಂಗಳದಲ್ಲಿಯೇ ಹಗೇವು ಇತ್ತಂತೆ. ಆಳುದ್ದ ಆಳ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು. ಒಳಗೆ ಸುತ್ತಲೂ ಒಣಹುಲ್ಲು ಒತ್ತಿ ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಿಲ್ಲದೆ ಹುಳವೂ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ತೆರೆದ ಕೂಡಲೇ ಇಳಿದವನೂ ಬದುಕುವುದಿಲ್ಲ. “ಮೊದ್ಲ ಹಗ್ಗಕ್ಕ ದೀಪಾ ಕಟ್ಟಿ ಬಿಡತಿದ್ರು. ದೀಪಾ ಆರಿದ್ರ ಯಾರೂ ಇಳಿಯಂಗಿಲ್ಲ. ಮತ್ತ ಬಾಯಿ ತೆರದು ಇಡೂದು, ಕುಂದ್ರೂದು. ಅವತ್ತ ರೊಟ್ಟಿ ತಡಾ ಆಗ್ತಿತ್ತು ನೋಡವಾ,” ಎಂದರು. ನಾನು ಬರೆದುಕೊಳ್ಳುತ್ತಾ ಹೋದೆ. ಗದಗಿನಲ್ಲಿ ಇಳಿಯುವ ಹೊತ್ತಿಗೆ ಐದು ಸಾಲುಗಳಿದ್ದವು:

ಮೊದಲು ದೀಪ ಇಳಿಯುತ್ತದೆ,
ಆಮೇಲೆ ಮನುಷ್ಯ.
ದೀಪ ಆರಿದರೆ ಮನೆಮಂದಿಯೆಲ್ಲ ಮೇಲೆಯೇ ಕುಳಿತು
ರೊಟ್ಟಿಯಿಲ್ಲದೆ ಕಾಯುತ್ತಾರೆ,
ಕತ್ತಲಲ್ಲಿ ಜೋಳ ಉಸಿರಾಡಿ ಮುಗಿಸಲೆಂದು.

ತಿಂಗಳಿಡೀ ಬರೆದದ್ದರಲ್ಲಿ ಇದೊಂದನ್ನು ನಾನು ಒಂದಕ್ಷರವೂ ತಿದ್ದಿಲ್ಲ. ಕಾಳು ಉಸಿರಾಡಿ ಒಳಗಿನ ಪ್ರಾಣವಾಯು ತೀರಿಸಿ ಇಂಗಾಲಾಮ್ಲ ತುಂಬುತ್ತದೆಂಬುದು ವಿಜ್ಞಾನದ ಮಾತು, ಆದರೆ ‘ರೊಟ್ಟಿ ತಡಾ ಆಗ್ತಿತ್ತು’ ಎಂಬುದನ್ನು ಯಾವ ವಿಜ್ಞಾನವೂ ಯಾವ ಸ್ಫೂರ್ತಿಯೂ ನನಗೆ ಕೊಡುತ್ತಿರಲಿಲ್ಲ. ನನ್ನ ಆಯ್ಕೆಗೆ ಬಿಟ್ಟಿದ್ದರೆ ನಾನು ಹಗೇವಿನ ಹತ್ತಿರವೂ ಸುಳಿಯುತ್ತಿರಲಿಲ್ಲ, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆಯವರನ್ನು ಈ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅತ್ತೆಯವರ ಮಾತನ್ನು ಅವರ ನುಡಿಯಲ್ಲಿಯೇ ಕವಿತೆಗೆ ತರಬೇಕೆಂದು ಮನಸ್ಸಾಗಿತ್ತು, ಧೈರ್ಯವಾಗಲಿಲ್ಲ. ಧಾರವಾಡದ ಸೀಮೆಯಲ್ಲಿ ಆಡುಮಾತಿನಲ್ಲಿ ಕವಿತೆ ಬರೆದವರನ್ನೆಲ್ಲ ಬೇಂದ್ರೆಯವರ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುವುದು ನಮ್ಮಲ್ಲಿ ರೂಢಿ, ಹಾಗೆ ಅಳೆದರೆ ಯಾರು ತಾನೆ ನಿಂತಾರು? ಸಾಧನಕೇರಿಯ ಆ ನೆರಳು ತಂಪೂ ಹೌದು, ಅದರ ಕೆಳಗೆ ಬೇರೆ ಗಿಡ ಏಳುವುದು ಕಷ್ಟವೂ ಹೌದು. ಇಪ್ಪತ್ತಮೂರನೆಯ ದಿನ ‘ಕೌದಿ’ ಚೀಟಿ ಬಂದಾಗ ಅತ್ತೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಹನ್ನೆರಡು ಸಾಲು ಮಾಡಿದೆ. ಚೀಟಿಯೇ ಅವರದು, ಶಬ್ದವೂ ಅವರದು, ನಾನು ಬರೆದುಕೊಂಡವಳು ಮಾತ್ರ ಎಂಬ ನೆಪ ಆ ದಿನ ಸಿಕ್ಕಿತು. ಸೋರುವ ಮಾಳಿಗೆಯನ್ನು ಕಂಡು ತತ್ವಪದ ಕಟ್ಟಿದ ಶಿಶುನಾಳದ ಶರೀಫರೂ ಪಕ್ಕದ ಹಾವೇರಿ ಜಿಲ್ಲೆಯವರೇ ಎಂದು ನೆನೆಸಿಕೊಂಡಾಗ ಮನೆಯೊಳಗಿನ ಸಾಮಾನಿನ ಮೇಲೆ ಬರೆಯುವ ಸಂಕೋಚವೂ ಹೋಯಿತು.

ಸೋತ ದಿನಗಳೂ ಇವೆ. ಮೂರು ದಿನ ಬರೆಯಲೇ ಇಲ್ಲ: ಒಂದು ದಿನ ಜ್ವರ, ಇನ್ನೊಂದು ದಿನ ಉತ್ತರಪತ್ರಿಕೆಗಳ ಕಟ್ಟು, ಮತ್ತೊಂದು ದಿನ ಶುದ್ಧ ಸೋಮಾರಿತನ. ಹದಿನೇಳನೆಯ ದಿನ ಇನ್ನೂ ಕೆಟ್ಟದ್ದು ಮಾಡಿದೆ. ‘ಅರ್ಥಿಂಗ್’ ಎಂಬ ಚೀಟಿಗೆ ನನ್ನದೇ ಹಳೆಯ ಕವಿತೆಯೊಂದರ ‘ಬೇರು’ ತೆಗೆದು ‘ತಂತಿ’ ಎಂದು ಹಾಕಿ ಮುಗಿಸಿದೆ, ಯಜಮಾನರು ಓದಿ ಚೆನ್ನಾಗಿದೆ ಎಂದದ್ದು ಆ ಒಂದನ್ನೇ. ಪುಟದ ಶಬ್ದ ಅಳಿಸಿ ಕವಿತೆ ತೆಗೆಯುವ ಅಮೆರಿಕದವರ ಪ್ರಯೋಗವನ್ನು ಪತ್ರಿಕೆಯ ಎಪಿಎಂಸಿ ಧಾರಣೆಯ ಪಟ್ಟಿಯ ಮೇಲೆ ಮಾಡಿ ನೋಡಿದೆ. ಬ್ಯಾಡಗಿ ಡಬ್ಬಿ, ಕಡ್ಡಿ ಎಂಬ ಮೆಣಸಿನಕಾಯಿಯ ಹೆಸರುಗಳನ್ನೂ ಅಂಕಿಗಳನ್ನೂ ಅಳಿಸುತ್ತಾ ಹೋದಂತೆ ಕೊನೆಗೆ ಉಳಿದದ್ದು ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಶಬ್ದ. ಅದು ಜಾಣತನವೇ ಹೊರತು ಕವಿತೆಯಲ್ಲ. ಆ ಪಟ್ಟಿಯನ್ನು ನೋಡಿ ಹೊಟ್ಟೆ ಉರಿಯಬೇಕಾದವರು ಬೇರೆ, ಅವರ ಪರವಾಗಿ ನಾನು ಶಬ್ದ ಅಳಿಸಿ ಆಡಿದಂತಾಯಿತು ಎನ್ನಿಸಿ ಆ ಹಾಳೆಯನ್ನು ಹರಿದು ಹಾಕಿದೆ.

ಹೀಗೆ ಒಟ್ಟು ಇಪ್ಪತ್ತೇಳು. ಅದರಲ್ಲಿ ಕಳವಿನದೊಂದು, ಹರಿದದ್ದೊಂದು. ಉಳಿದ ಇಪ್ಪತ್ತೈದರಲ್ಲಿ ಇನ್ನೊಬ್ಬರ ಮುಂದೆ ಓದಬಹುದಾದವು ನಾಲ್ಕು. ಏಳು ವರ್ಷಕ್ಕೆ ಹತ್ತು ಬರೆದವಳಿಗೆ ತಿಂಗಳಿಗೆ ನಾಲ್ಕು ಕಡಿಮೆಯೇನಲ್ಲ. ದಿನವೂ ಬರೆದರೆ ಕವಿತೆ ಅಗ್ಗವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಕೆಟ್ಟದ್ದು ಹೆಚ್ಚಾಗುವುದು ನಿಜ. ಆದರೆ ನಾಳೆ ಇನ್ನೊಂದು ಬರೆಯಬೇಕೆಂದು ಗೊತ್ತಿದ್ದವರು ಇಂದಿನ ಕೆಟ್ಟದ್ದನ್ನು ಎದೆಗವಚಿಕೊಂಡು ಕೂರುವುದಿಲ್ಲ. ವರ್ಷಕ್ಕೊಂದೇ ಬರೆಯುತ್ತಿದ್ದಾಗ ನಾನು ಆ ಒಂದನ್ನು ಯಾರೂ ಮುಟ್ಟಬಾರದೆಂದು ಕಾಯುತ್ತಿದ್ದೆ.

ಡಬ್ಬಿಯಲ್ಲಿ ಇನ್ನೂ ಹದಿನೈದು ಚೀಟಿಗಳಿವೆ. ಮೇ ತಿಂಗಳಿನಲ್ಲಿಯೂ ಮುಂದುವರಿಸುತ್ತೇನೆಂದಾಗ ಅತ್ತೆಯವರು ಬೇಡವೆಂದರು. “ದಿನಾ ಬ್ಯಾಡವಾ, ದಣೀತಿ. ಮಳಿಗೊಂದು ಬರಿ” ಎಂದು ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ, ಮಿರಗ ಎಂದು ಮಳೆಗಳ ಹೆಸರನ್ನು ಬೆರಳ ಮೇಲೆ ಎಣಿಸಿದರು. ಒಂದೊಂದು ಮಳೆಗೆ ಹದಿಮೂರು, ಹದಿನಾಲ್ಕು ದಿನ. ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಎಂಬ ಗಾದೆಯನ್ನು ಅವರು ಹೇಳಿದಾಗ ನನಗೆ ಕೇಳಿಸಿದ್ದು ಪ್ರಾಸ: ‘ರೋಹಿಣಿ’ಯನ್ನು ಕರೆದ ಮೇಲೆ ಜೋಳ ಹೊಲದಲ್ಲಿ ಬೆಳೆಯುವಂತಿಲ್ಲ, ‘ಓಣಿ’ಗೇ ಬರಬೇಕು. ರೋಹಿಣಿಯದು ಬರೆದಾಯಿತು, ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಈಗ ಮಿರಗದ ಚೀಟಿ ನೋಟುಪುಸ್ತಕದಲ್ಲಿದೆ. ಅದರ ಹಿಂಬದಿಯಲ್ಲಿ ಮಗಳು ಕೆಂಪು ಗೆರೆ ಎಳೆದ ಮೂರು ಶಬ್ದಗಳು: ಮಣ್ಣು, ವಾಸನೆ, ರೈತ.